ಥಾರ್ ಮರಳುಗಾಡಿನಲ್ಲಿ ನಡೆಯೋಕೆ ಯಾವ ಶೂ? ಮೂರು ಜೊತೆ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಚರ್ಮದ ಶೂಗೆ. ತುಮಕೂರಿನಲ್ಲೇ 1,900 ರೂಪಾಯಿಗೆ ತಗೊಂಡಿದ್ದು. ಕಣಕಾಲು ಮುಚ್ಚುತ್ತದೆ, ಲೇಸ್ ಇಲ್ಲ, ಪಕ್ಕದಲ್ಲಿ ಇಲಾಸ್ಟಿಕ್ ಇದೆ.

ಹೋದ ಡಿಸೆಂಬರ್‌ನಲ್ಲಿ ನಾನು, ನಮ್ಮ ಭಾವ ಜೈಸಲ್ಮೇರ್ ಹತ್ತಿರದ ಡೆಸರ್ಟ್ ನ್ಯಾಷನಲ್ ಪಾರ್ಕ್‌ಗೆ ಹೋಗಿದ್ದೆವು. 3,162 ಚದರ ಕಿಲೋಮೀಟರ್ ಪೂರ್ತಿ ಮರಳೇ ಅಂದುಕೊಂಡು, 3,400 ರೂಪಾಯಿ ಕೊಟ್ಟು ಜಾಳಿಗೆ ಬಟ್ಟೆಯ ಹಗುರ ಶೂ ಆನ್‌ಲೈನ್‌ನಲ್ಲಿ ತರಿಸಿದ್ದೆ. ಆದರೆ ಅಲ್ಲಿ ಮರಳ ದಿಬ್ಬ ಇರುವುದು ಸುಮಾರು ಐದರಲ್ಲಿ ಒಂದು ಪಾಲು ಅಷ್ಟೇ. ಉಳಿದದ್ದು ಕಲ್ಲು, ಗರಸು, ಕುರುಚಲು ಗಿಡ, ಹುಲ್ಲು. ನಮ್ಮ ಪಾವಗಡದ ಬಯಲು ನೆನಪಾಯಿತು.

ಆ ಹುಲ್ಲೇ ತೊಂದರೆ ಕೊಟ್ಟಿದ್ದು. ಅಲ್ಲಿಯವರು ಭುರಟ್ ಅನ್ನುತ್ತಾರೆ. ಬರಗಾಲದಲ್ಲಿ ಅದರ ಬೀಜ ಬೀಸಿ ರೊಟ್ಟಿ ಮಾಡಿಕೊಂಡು ಬದುಕಿದ ಜನ ಅವರು, ಕೇಳಿ ಮನಸ್ಸು ತುಂಬಿ ಬಂತು. ಆದರೆ ಬೀಜದ ಸುತ್ತ ಮುಳ್ಳಿನ ಉಂಡೆ ಇರುತ್ತದೆ. ನಮ್ಮ ಉತ್ತರಾಣಿ ಪಂಚೆಗೆ ಅಂಟಿದರೆ ಬಿಡಿಸಿ ಎಸೆಯಬಹುದು, ಅಲ್ವಾ? ಇದು ಹಾಗಲ್ಲ. ಜಾಳಿಗೆಯೊಳಗೆ ತೂರಿ, ಕಾಲುಚೀಲ ದಾಟಿ, ಚರ್ಮಕ್ಕೇ ಚುಚ್ಚುತ್ತದೆ.

ಅರ್ಧ ಗಂಟೆ ನಡೆಯುವುದು, ಕೂತು ಮುಳ್ಳು ಕೀಳುವುದು. ಕೈಯಲ್ಲಿ ಕಿತ್ತರೆ ತುದಿ ಮುರಿದು ಬೆರಳಲ್ಲೇ ಉಳಿಯುತ್ತದೆ. ಲೇಸ್ ಗಂಟಿನ ತುಂಬ ಅದೇ. ಎರೆಭೂತ ಹಕ್ಕಿ ನೋಡಬೇಕು ಅಂತ ಅಷ್ಟು ದೂರ ಹೋದವನು ಬೆಳಗಿನ ಹೊತ್ತೆಲ್ಲ ನೆಲ ನೋಡಿಕೊಂಡೇ ಕಳೆದೆ. ಅದು ಇವತ್ತಿಗೂ ಬೇಸರ. ಊರಿಗೆ ಬಂದು ಎರಡು ಸಲ ಒಗೆದ ಮೇಲೂ ಶೂ ಒಳಗೆ ಮುಳ್ಳು ಸಿಕ್ಕಿತು.

ಮಾರನೆಯ ದಿನ ಚರ್ಮದ ಶೂ ಹಾಕಿ, ಪ್ಯಾಂಟನ್ನು ಮೇಲೆ ಬಿಟ್ಟುಕೊಂಡೆ. ಮುಳ್ಳು ಪ್ಯಾಂಟಿಗೆ ಅಂಟಿತು, ಕಾಲಿಗೆ ತಾಗಲಿಲ್ಲ. ಮರಳೂ ಒಳಗೆ ಬಂದಿದ್ದು ಕಡಿಮೆ. ಭಾರ ಜಾಸ್ತಿ, ನಿಜ. ಮಧ್ಯಾಹ್ನ ಕಾಲು ಬೆವರುತ್ತದೆ. ಮಧುಗಿರಿ ಬೆಟ್ಟದ ನುಣುಪು ಬಂಡೆಯ ಮೇಲೆ ಇದು ಜಾರುತ್ತದೆ, ಅಲ್ಲಿಗೆ ಜಾಳಿಗೆ ಶೂನೇ ಸರಿ.

ಭಾವನ ಪಟ್ಟಿ ಸ್ಯಾಂಡಲ್ ಜೈಸಲ್ಮೇರ್ ಹತ್ತಿರದ ಸಮ್ ಅನ್ನುವ ಊರಿನ ಮರಳ ದಿಬ್ಬದ ಮೇಲೆ ಸಂಜೆ ಒಂದು ಸುತ್ತಿಗೆ ಚೆನ್ನಾಗಿತ್ತು. ಹುಲ್ಲಿಗೆ ಇಳಿದರೆ ಬೇಡವೇ ಬೇಡ.

ನಾನು ತಿಂಗಳಿಗೊಮ್ಮೆ ಮೈದನಹಳ್ಳಿಗೆ ಕೃಷ್ಣಮೃಗ ನೋಡಲು ಹೋಗುವವನು. ಅಲ್ಲೂ ಹುಲ್ಲು, ಜಾಲಿಮುಳ್ಳು ಇದ್ದದ್ದೇ. ಹಾಗಾಗಿ ನನಗೆ ಚರ್ಮದ್ದೇ ಲಾಭ. ನೀವೂ ತಗೊಳ್ಳುವುದಾದರೆ ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಜೊತೆಗೆ ಒಂದು ಚಿಮಟ ಜೇಬಿನಲ್ಲಿರಲಿ.