ಭೌತಶಾಸ್ತ್ರದ ಜಿಆರ್‌ಇಗೆ ಗೈಡೋ, ಹಳೆಯ ಪ್ರಶ್ನೆಪತ್ರಿಕೆಯೋ?

ಭೌತಶಾಸ್ತ್ರದ ಪಿಎಚ್‌ಡಿಗೆ ಅರ್ಜಿ ಹಾಕುವ ಮುನ್ನ ಜಿಆರ್‌ಇ ವಿಷಯ ಪರೀಕ್ಷೆಗಾಗಿ, ಅಂದರೆ ಮುಖ್ಯವಾಗಿ ಅಮೆರಿಕದ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಬರೆಯುವ ಬಹುಆಯ್ಕೆಯ ಪರೀಕ್ಷೆಗಾಗಿ, ದಪ್ಪನೆಯ ಗೈಡೊಂದನ್ನು ಕೊಂಡಿದ್ದೆ. ಜೊತೆಗೆ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಉಚಿತವಾಗಿ ಬಿಡುಗಡೆ ಮಾಡಿದ ಪ್ರಶ್ನೆಪತ್ರಿಕೆಗಳನ್ನೂ ಬಿಡಿಸಿದೆ. ಗೈಡು ಈಗ ಕಪಾಟು ಸೇರಿದೆ.

ಅದರ ಸೂತ್ರಗಳ ಪಟ್ಟಿ ಅಚ್ಚುಕಟ್ಟಾಗಿದೆ. ತೊಡಕಿರುವುದು ಮಾದರಿ ಪ್ರಶ್ನೆಗಳಲ್ಲಿ. ರಾಟೆಯ ಎರಡು ಬದಿಗೆ ಎರಡು ತೂಕಗಳು ತೂಗುತ್ತಿವೆ, ರಾಟೆಯ ಜಡತ್ವವನ್ನೂ ಗಣನೆಗೆ ತೆಗೆದುಕೊಂಡು ವೇಗೋತ್ಕರ್ಷವನ್ನು ಕಂಡುಹಿಡಿಯಬೇಕು ಎಂದಿಟ್ಟುಕೊಳ್ಳಿ. ಗೈಡು ಮೂರು ಸಮೀಕರಣ ಬರೆದು, ಹಗ್ಗದ ಎಳೆತಗಳನ್ನು ಒಂದೊಂದಾಗಿ ಕಳೆದು, ಅರ್ಧ ಪುಟದ ನಂತರ ಉತ್ತರ ಮುಟ್ಟುತ್ತದೆ. ಹಳೆಯ ಪತ್ರಿಕೆಗಳನ್ನು ಬಿಡಿಸಿದವರು ಮೊದಲು ಐದು ಆಯ್ಕೆಗಳನ್ನೇ ನೋಡುತ್ತಾರೆ: ತೂಕಗಳು ಸಮವಾದರೆ ವೇಗೋತ್ಕರ್ಷ ಸೊನ್ನೆಯಾಗಬೇಕು, ರಾಟೆ ವಿಪರೀತ ಭಾರವಾದರೂ ಅದು ಸೊನ್ನೆಯತ್ತ ಇಳಿಯಬೇಕು, ಜಡತ್ವದ ಪದವನ್ನು ತ್ರಿಜ್ಯದ ವರ್ಗದಿಂದ ಭಾಗಿಸದೆ ದ್ರವ್ಯರಾಶಿಗೆ ಕೂಡಿಸುವಂತಿಲ್ಲ. ಇಷ್ಟಕ್ಕೇ ಹೆಚ್ಚಿನ ಆಯ್ಕೆಗಳು ಬಿದ್ದುಹೋಗುತ್ತವೆ.

ಗೈಡಿನಲ್ಲಿ ಈ ಜಾಣತನಕ್ಕೆ ಎಡೆಯೇ ಇಲ್ಲ, ಏಕೆಂದರೆ ಅದರ ಐದೂ ಆಯ್ಕೆಗಳು ಬಹುಪಾಲು ಒಂದೇ ರೂಪದವು. ಎಲ್ಲೋ 2ರ ಗುಣಕ, ಎಲ್ಲೋ ಅರ್ಧದ ಗುಣಕ ಮಾತ್ರ ವ್ಯತ್ಯಾಸ. ಹೀಗಾಗಿ ಪ್ರತಿ ಲೆಕ್ಕವನ್ನೂ ಪೂರ್ತಿ ಮಾಡುವ ಅಭ್ಯಾಸ ಬೆಳೆಯುತ್ತದೆ, ಪರೀಕ್ಷೆಯಲ್ಲಿ ಅದೇ ಮುಳುವಾಗುತ್ತದೆ. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಜೋಡಿಯಾದ ಪಾಸಿಟ್ರೋನಿಯಮ್‌ನ ಬಂಧಕ ಶಕ್ತಿ ಹೈಡ್ರೋಜನ್ನಿನ 13.6 ಎಲೆಕ್ಟ್ರಾನ್ ವೋಲ್ಟ್‌ನ ಅರ್ಧ, ಅಂದರೆ 6.8, ಎಂದು ಥಟ್ಟನೆ ಹೊಳೆಯಬೇಕಾದರೆ ಬೇಕಾದದ್ದು ಪಠ್ಯಪುಸ್ತಕದ ಓದು. ಅದನ್ನು ಗೈಡು ಕೊಡಲಾರದು.

ಹಳೆಯ ಪತ್ರಿಕೆಗಳಲ್ಲಿ 170 ನಿಮಿಷಕ್ಕೆ 100 ಪ್ರಶ್ನೆಗಳಿದ್ದವು. ಈಗ ಎರಡು ಗಂಟೆಗೆ ಸುಮಾರು 70. ಒಂದು ಪ್ರಶ್ನೆಗೆ ಸಿಗುವ ಸಮಯ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಗಡಿಯಾರ ಇಟ್ಟುಕೊಂಡು ಬಿಡಿಸಲು ಅವು ಇಂದಿಗೂ ಸಲ್ಲುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಹಳೆಯ ಸೂಚನೆಯನ್ನು ಮಾತ್ರ ಮರೆತುಬಿಡಿ. ಅವುಗಳ ಕೊರತೆ ಒಂದೇ: ಉತ್ತರವಿದೆ, ವಿವರಣೆಯಿಲ್ಲ. ಒಬ್ಬರೇ ಕುಳಿತು ಓದುವವರಿಗೆ ಗೈಡು ಅಲ್ಲಿ ಆಸರೆಯಾದೀತು. ನನಗೆ ತಪ್ಪಾದ ಲೆಕ್ಕವನ್ನು ಪಠ್ಯಪುಸ್ತಕದಲ್ಲಿ ಹುಡುಕಿ ಓದುವುದೇ ರೂಢಿ.

ಯಾವುದನ್ನೇ ಕೊಳ್ಳುವ ಮೊದಲು ನೀವು ಅರ್ಜಿ ಹಾಕುವ ವಿಭಾಗಗಳು ಈ ಅಂಕವನ್ನು ಕೇಳುತ್ತವೆಯೇ ಎಂದು ನೋಡಿಕೊಳ್ಳಿ. ಹಲವು ವಿಭಾಗಗಳು ಅದನ್ನು ಕೈಬಿಟ್ಟಿವೆ.