ಆಂಕಿ, ಒಂಬತ್ತು ವರ್ಷಗಳ ಬಳಕೆಯ ನಂತರ: ಕೆಲಸ ಮುಗಿದ ಕೂಡಲೇ ಬೀಳ್ಕೊಡುವ ತಂತ್ರಾಂಶ

ಶಾಲಾ ಮಕ್ಕಳಿಗೆ ಕಲಿಕೆಯ ತಂತ್ರಾಂಶ ಬರೆಯುವುದು ನನ್ನ ಉದ್ಯೋಗ. ಮೈಸೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ. ನನ್ನ ಸ್ವಂತ ಕಲಿಕೆಗೆ ಮಾತ್ರ ಬೇರೆಯವರು ಬರೆದ ಒಂದು ತಂತ್ರಾಂಶವನ್ನು 2016ರಿಂದ ಹೆಚ್ಚುಕಡಿಮೆ ಪ್ರತಿದಿನ ಬಳಸುತ್ತಾ ಬಂದಿದ್ದೇನೆ. ಅದರ ಹೆಸರು ಆಂಕಿ. ಜಪಾನಿ ಭಾಷೆಯಲ್ಲಿ ಕಂಠಪಾಠ ಎಂದು ಅರ್ಥ. ನನ್ನ ಅಮ್ಮ ಅದನ್ನು ‘ಅಂಕಿ’ ಎಂದೇ ಕರೆಯುತ್ತಾರೆ. ಕೊನೆಗೆ ಅದೂ ಲೆಕ್ಕಾಚಾರವೇ ಆದ್ದರಿಂದ ನಾನು ತಿದ್ದಲು ಹೋಗಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಒಂದು ಕಾರ್ಡ್, ಮುಂದೆ ಪ್ರಶ್ನೆ, ಹಿಂದೆ ಉತ್ತರ. ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಂಡು ಕಾರ್ಡ್ ತಿರುಗಿಸಿ, ನೆನಪಿತ್ತೋ ಇಲ್ಲವೋ ಎಂದು ನೀವೇ ಪ್ರಾಮಾಣಿಕವಾಗಿ ಒತ್ತಬೇಕು. ನೆನಪಿದ್ದರೆ ಅದೇ ಪ್ರಶ್ನೆ ಕೆಲವು ದಿನ ಬಿಟ್ಟು ಬರುತ್ತದೆ, ಆಮೇಲೆ ಕೆಲವು ವಾರ, ಆಮೇಲೆ ತಿಂಗಳು, ವರ್ಷ. ಮರೆತಿದ್ದರೆ ಮತ್ತೆ ಮೊದಲಿನ ಹಾಗೆ ಬೇಗ ಬೇಗ ಬರುತ್ತದೆ. ಇನ್ನೇನು ಮರೆಯುತ್ತೇವೆ ಎನ್ನುವ ಹೊತ್ತಿಗೆ ಕೇಳುವುದೇ ಇದರ ಜಾಣ್ಮೆ. ಮರೆವಿಗೂ ಒಂದು ಕ್ರಮವಿದೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಉರು ಹೊಡೆದು, ಮರೆತು, ಅಳೆದು 1885ರಲ್ಲಿ ಪ್ರಕಟಿಸಿದ್ದರು. ಪೋಲೆಂಡಿನ ಪಿಯೋತ್ರ್ ವೋಝ್ನಿಯಾಕ್ 1987ರಲ್ಲಿ ಅದನ್ನು ಕಂಪ್ಯೂಟರ್ ಲೆಕ್ಕವಾಗಿಸಿದರು. ಡೇಮಿಯನ್ ಎಲ್ಮ್ಸ್ ಎಂಬುವರು ಜಪಾನಿ ಭಾಷೆ ಕಲಿಯಲೆಂದು ಬರೆದುಕೊಂಡ ಆಂಕಿ 2006ರಲ್ಲಿ ಹೊರಬಂದಾಗ ಅದರ ಒಳಗಿದ್ದದ್ದು ಆ ಲೆಕ್ಕದಿಂದಲೇ ಹುಟ್ಟಿದ ಕ್ರಮ.

ನಾನು ಇದಕ್ಕೆ ಅಂಟಿಕೊಂಡದ್ದು ಮಾತ್ರ ಯಾವ ಸಂಶೋಧನೆಯನ್ನೂ ಓದಿ ಅಲ್ಲ, ಅರಸೀಕೆರೆ ರೈಲು ನಿಲ್ದಾಣದಲ್ಲಿ ಕಳೆದ ಒಂದು ರಾತ್ರಿಯಿಂದ. ಮೊಬೈಲ್ ಪೂರ್ತಿ ಆರಿಹೋಗಿತ್ತು, ರೈಲು ತಪ್ಪಿತ್ತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ‘ಮನೆಗೆ ಫೋನ್ ಮಾಡಿ ತಿಳಿಸಿಬಿಡಿ’ ಎಂದು ತಮ್ಮ ಫೋನ್ ಕೈಗೆ ಕೊಟ್ಟರು. ನನಗೆ ಹೆಂಡತಿಯ ಸಂಖ್ಯೆ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಕಡಿತಗೊಂಡಿದ್ದ ನಮ್ಮ ಹಳೆಯ ಮನೆಯ ಸ್ಥಿರ ದೂರವಾಣಿಯ ಸಂಖ್ಯೆ ಮಾತ್ರ ನಾಲಗೆಯ ತುದಿಯಲ್ಲಿತ್ತು. ಆ ಸಂಖ್ಯೆಯನ್ನು ನಾನು ಎಂದೂ ಕುಳಿತು ಕಲಿತವನಲ್ಲ. ಪ್ರತಿಸಲ ಬೆರಳಿನಿಂದ ತಿರುಗಿಸಿ ತಿರುಗಿಸಿ ಅದು ತಾನಾಗಿ ಒಳಗೆ ಇಳಿದಿತ್ತು. ಹೆಂಡತಿಯ ಸಂಖ್ಯೆಯನ್ನು ನಾನು ಒತ್ತಿದ್ದು ಒಂದೇ ಸಲ, ಮೊಬೈಲಿನಲ್ಲಿ ಉಳಿಸಿಕೊಳ್ಳುವಾಗ.

ಇದೇ ಮಾತು ಅಮ್ಮನ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅವರಿಗೆ ಈಗ ಎಪ್ಪತ್ತಾರು. 1957ರಲ್ಲಿ ಆಣೆ ಹೋಗಿ ನಯಾ ಪೈಸೆ ಬಂದಾಗ ಪ್ರಾಥಮಿಕ ಶಾಲೆಯಲ್ಲಿದ್ದರು. ನಾಣ್ಯ ಬದಲಾದರೂ ಅವರ ಮೇಷ್ಟರು ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಬಿಡಿಸಲಿಲ್ಲವಂತೆ. ಈಗಲೂ ದೇವರಾಜ ಮಾರುಕಟ್ಟೆಯಲ್ಲಿ ಕೆ.ಜಿ.ಗೆ ಎಪ್ಪತ್ತು ರೂಪಾಯಿಯ ಬೀನ್ಸ್ ಮುಕ್ಕಾಲು ಕೆ.ಜಿ. ತೂಗಿಸಿದರೆ, ವ್ಯಾಪಾರಿ ಮೊಬೈಲ್ ತೆಗೆಯುವ ಮೊದಲೇ ‘ಏಳರ ಮುಕ್ಕಾಲು ಐದೂಕಾಲು, ಐವತ್ತೆರಡೂವರೆ ಆಯಿತಪ್ಪ’ ಎಂದಿರುತ್ತಾರೆ. ಮೇಷ್ಟರು ಕಲಿಸಿದ್ದು ಎರಡೋ ಮೂರೋ ವರ್ಷ. ಉಳಿದ ಅರವತ್ತಕ್ಕೂ ಹೆಚ್ಚು ವರ್ಷ ಆ ಪ್ರಶ್ನೆಯನ್ನು ಸಂತೆ ಕೇಳಿದೆ, ಹಾಲಿನವನು ಕೇಳಿದ್ದಾನೆ, ರವಿಕೆ ಬಟ್ಟೆಯ ಅಂಗಡಿ ಕೇಳಿದೆ. ಅವರ ಆಂಕಿ ಬೀದಿಯಲ್ಲೇ ಇತ್ತು.

ನಮ್ಮ ಪೀಳಿಗೆಗೆ ಆ ಪ್ರಶ್ನೆಗಳು ಬರುವುದೇ ಇಲ್ಲ. ಲೆಕ್ಕ, ದಾರಿ, ಹುಟ್ಟುಹಬ್ಬ, ಸಂಖ್ಯೆ ಎಲ್ಲವನ್ನೂ ಮೊಬೈಲ್ ನಮ್ಮ ಪರವಾಗಿ ಉತ್ತರಿಸುತ್ತದೆ. ಇದನ್ನು ಬೈಯುವ ಹಕ್ಕು ತಂತ್ರಾಂಶ ಬರೆದು ಅನ್ನ ತಿನ್ನುವ ನನಗಿಲ್ಲ. ಅದರಿಂದ ಆದ ಅನುಕೂಲವೂ ಸಣ್ಣದಲ್ಲ. ಆದರೆ ಬದುಕು ಕೇಳುವುದನ್ನು ನಿಲ್ಲಿಸಿದ ಪ್ರಶ್ನೆಗಳಲ್ಲಿ ಕೆಲವಾದರೂ ನನಗೆ ಬೇಕು. ಅವುಗಳನ್ನು ನಾನೇ ಆರಿಸಿ, ಅದೇ ಮೊಬೈಲಿನ ಬಾಯಿಂದ ಮತ್ತೆ ಕೇಳಿಸಿಕೊಳ್ಳಲು ಆಂಕಿ ಬಳಸುತ್ತೇನೆ.

ಈಗ ನನ್ನ ಬಳಿ ಸುಮಾರು 5,800 ಕಾರ್ಡ್‌ಗಳಿವೆ. ದಿನಕ್ಕೆ ಅರವತ್ತರ ಆಸುಪಾಸು ಬರುತ್ತವೆ, ಹನ್ನೆರಡು ನಿಮಿಷ ಸಾಕು. ಮನೆಯವರ ಐದು ಫೋನ್ ಸಂಖ್ಯೆಗಳು, ಅಪ್ಪನ ಔಷಧಿಗಳ ಹೆಸರು ಮತ್ತು ಹೊತ್ತು, ನಮ್ಮ ಬೀದಿಯ ಹಕ್ಕಿಗಳು, ಮರಗಳು, ಹಳಗನ್ನಡದ ಪದಗಳು, ಕೆಲಸಕ್ಕೆ ಬೇಕಾದ ಕಂಪ್ಯೂಟರ್ ಆಜ್ಞೆಗಳು, ಅಮ್ಮನ ಸಾರಿನ ಪುಡಿಯ ಅಳತೆ. ಮೊದಲ ವರ್ಷ ಬೇರೆಯವರು ಮಾಡಿಟ್ಟ ಕಾರ್ಡ್‌ಗಳ ದೊಡ್ಡ ಕಂತೆಗಳನ್ನು ಇಳಿಸಿಕೊಂಡಿದ್ದೆ. ಒಂದೂ ಉಳಿಯಲಿಲ್ಲ. ಇನ್ನೊಬ್ಬರು ಅರ್ಥ ಮಾಡಿಕೊಂಡದ್ದರ ಸಾರ ನನಗೆ ಬರೀ ಶಬ್ದವಾಗಿತ್ತು. ನಾನೇ ಬರೆದ ಕಾರ್ಡ್ ಹಾಗಲ್ಲ, ಬರೆಯುವಾಗಲೇ ಅರ್ಧ ಕಲಿತಿರುತ್ತೇನೆ.

ಕಾರ್ಡ್ ಬರೆಯುವುದೇ ಇದರಲ್ಲಿನ ನಿಜವಾದ ಕಸುಬು, ಕೈ ಕುದುರಲು ನನಗೆ ಎರಡು ವರ್ಷ ಬೇಕಾಯಿತು. ಒಂದು ಕಾರ್ಡಿಗೆ ಒಂದೇ ಸಂಗತಿ ಇರಬೇಕು. ನಮ್ಮ ಶಾಲೆಯ ಪ್ರಶ್ನೆಪತ್ರಿಕೆಯ ‘ಬಿಟ್ಟ ಸ್ಥಳ ತುಂಬಿರಿ’ ಮಾದರಿಗೂ ಇದರಲ್ಲಿ ವ್ಯವಸ್ಥೆಯಿದೆ, ನಾನು ಹೆಚ್ಚು ಬಳಸುವುದು ಅದನ್ನೇ. ‘ಪಟ್ಟಿ ಮಾಡಿ’ ಎಂಬ ಪ್ರಶ್ನೆ ಹಾಕಿಕೊಂಡವರು ಕೆಲವೇ ವಾರಗಳಲ್ಲಿ ಬೇಸತ್ತು ಬಿಟ್ಟುಬಿಡುವುದನ್ನು ನೋಡಿದ್ದೇನೆ.

ತಪ್ಪು ಕಾರ್ಡಿನ ಅಪಾಯವನ್ನೂ ಹೇಳಲೇಬೇಕು. ಎರಡು ವರ್ಷ ನಾನು ಮಿಂಚುಳ್ಳಿಯ ಚಿತ್ರಕ್ಕೆ ನೀಲಕಂಠ ಎಂದು ಉತ್ತರ ಬರೆದಿಟ್ಟಿದ್ದೆ. ಆಂಕಿ ಆ ತಪ್ಪನ್ನು ಅತ್ಯಂತ ನಿಷ್ಠೆಯಿಂದ ಕಲಿಸಿತು. ತಿದ್ದಿದ ಮೇಲೂ ನೀಲಿ ರೆಕ್ಕೆ ಹಾರಿದಾಗಲೆಲ್ಲ ಮೊದಲು ಹಳೆಯ ಹೆಸರೇ ಬಾಯಿಗೆ ಬರುತ್ತಿತ್ತು. ಹಳಗನ್ನಡದ ‘ೞ’ ಅಕ್ಷರ ನೋಡಿದಾಗಲೂ ನನಗೆ ಇದೇ ನೆನಪಾಗುತ್ತದೆ. ಎಲ್ಲ ಭಾಷೆಗಳ ಅಕ್ಷರಗಳನ್ನು ಕಂಪ್ಯೂಟರಿಗೆ ಗುರುತಿಸಿಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು ತಪ್ಪಾಗಿ ‘ಕನ್ನಡ ಅಕ್ಷರ ಫ’ ಎಂದು ಸೇರಿಹೋಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಆ ವ್ಯವಸ್ಥೆಯ ನಿಯಮ. ಆದ್ದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಬೇರೆಯಾಗಿ ಜೋಡಿಸಿದ್ದಾರೆ. ನನ್ನ ತಲೆಯಲ್ಲಿ ಮಿಂಚುಳ್ಳಿಯೂ ಹೀಗೆಯೇ ಎರಡು ಹೆಸರು ಹೊತ್ತುಕೊಂಡು ಕುಳಿತಿತ್ತು. ಈಗ ಕಾರ್ಡ್ ಬರೆಯುವ ಮೊದಲು ಎರಡು ಕಡೆ ಖಚಿತಪಡಿಸಿಕೊಳ್ಳುತ್ತೇನೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ಏರ್ಪಾಡೊಂದಿದೆ. ಒಂದು ಕಾರ್ಡನ್ನು ಎಂಟು ಸಲ ಮರೆತರೆ ಆಂಕಿ ಅದಕ್ಕೆ ‘ಜಿಗಣೆ’ ಎಂದು ಹಣೆಪಟ್ಟಿ ಹಚ್ಚುತ್ತದೆ, ನಾವು ಹೇಳಿದ್ದರೆ ಪಕ್ಕಕ್ಕೂ ಇಡುತ್ತದೆ. ಹೊತ್ತು ಹೀರುತ್ತದೆ, ಏನೂ ಕೊಡುವುದಿಲ್ಲ ಎಂಬ ಅರ್ಥದಲ್ಲಿ. ಮತ್ತಿ ಮರಕ್ಕೂ ಹೊಳೆಮತ್ತಿಗೂ ವ್ಯತ್ಯಾಸ ಹೇಳುವ ಕಾರ್ಡ್ ನನಗೆ ಹೀಗೆ ಜಿಗಣೆಯಾಗಿತ್ತು. ಚಿತ್ರ ಬದಲಿಸಿದೆ, ಪದ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಒಂದು ಭಾನುವಾರ ಶ್ರೀರಂಗಪಟ್ಟಣದ ಬಳಿ ಕಾವೇರಿಯ ದಂಡೆಯಲ್ಲಿ ಹೊಳೆಮತ್ತಿಯ ಕೆಳಗೆ ನಿಂತು ಅದರ ನುಣುಪಾದ, ಮಾಸಲು ಬಿಳುಪಿನ ತೊಗಟೆಯ ಮೇಲೆ ಅಂಗೈ ಇಟ್ಟೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಬಿರಿದಿರುತ್ತದೆ. ಎರಡೂ ಕೈಗೆ ಸಿಕ್ಕಮೇಲೆ ಆ ಕಾರ್ಡನ್ನು ಮತ್ತೆಂದೂ ಮರೆತಿಲ್ಲ. ಜಿಗಣೆ ಎಂಬ ಹಣೆಪಟ್ಟಿ ಬಿದ್ದಾಗ ಈಗ ನಾನು ಕಾರ್ಡನ್ನು ಬಿಟ್ಟು ಆ ವಸ್ತುವಿದ್ದ ಕಡೆಗೆ ಹೋಗುತ್ತೇನೆ. ಆಂಕಿ ಕಲಿಸುವುದಿಲ್ಲ, ಕಲಿತದ್ದನ್ನು ಉಳಿಸುತ್ತದೆ ಎಂಬುದು ನನಗೆ ಆ ಮರದ ಕೆಳಗೆ ಖಚಿತವಾಯಿತು.

ಅದನ್ನು ಮರೆತು ಒಮ್ಮೆ ಮಗಳಿಗೆ ಮಗ್ಗಿಯ ಕಾರ್ಡ್‌ಗಳನ್ನು ಮಾಡಿಕೊಟ್ಟೆ. ಆಗ ಅವಳು ಮೂರನೇ ತರಗತಿ. ನಾಲ್ಕೇ ದಿನಕ್ಕೆ ಮೊಬೈಲ್ ಕಂಡರೆ ಮುಖ ತಿರುಗಿಸತೊಡಗಿದಳು. ಅಮ್ಮ ಚಪಾತಿ ಲಟ್ಟಿಸುತ್ತಾ ರಾಗವಾಗಿ ಹೇಳಿಕೊಟ್ಟರು, ಅಜ್ಜಿ ಮೊಮ್ಮಗಳು ಒಬ್ಬರಿಗೊಬ್ಬರು ಪ್ರಶ್ನೆ ಹಾಕಿಕೊಂಡರು, ಬೇಸಿಗೆ ರಜೆ ಮುಗಿಯುವುದರೊಳಗೆ ಹನ್ನೆರಡರವರೆಗೆ ಬಂತು. ಸಣ್ಣ ಮಕ್ಕಳಿಗೆ ಆಂಕಿ ಕೊಡಬೇಡಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ತಾನು ಮರೆತೆನೆಂದು ತಾನೇ ಒಪ್ಪಿಕೊಂಡು ಗುಂಡಿ ಒತ್ತುವುದು ದೊಡ್ಡವರಿಗೇ ಕಷ್ಟ.

ಆ ಕಷ್ಟ ನನಗೂ ಇತ್ತು. ಉತ್ತರದ ಕೆಳಗೆ ನಾಲ್ಕು ಗುಂಡಿಗಳಿರುತ್ತವೆ: ಅಗೈನ್, ಹಾರ್ಡ್, ಗುಡ್, ಈಸಿ. ಮರೆತಾಗ ಒತ್ತಬೇಕಾದದ್ದು ಅಗೈನ್. ಹಾರ್ಡ್ ಎಂದರೆ ‘ಕಷ್ಟಪಟ್ಟೆ, ಆದರೆ ನೆನಪಾಯಿತು’. ನಾನು ಮನಸ್ಸಿಗೆ ಸಮಾಧಾನವಾಗಲೆಂದು ಮರೆತಾಗಲೂ ಹಾರ್ಡ್ ಒತ್ತುತ್ತಾ ಒಂದು ವರ್ಷದ ಲೆಕ್ಕವನ್ನೆಲ್ಲ ಕೆಡಿಸಿಕೊಂಡೆ. ಹೊಸಬರು ದಯವಿಟ್ಟು ಇದೊಂದನ್ನು ಗಮನಿಸಿ.

ಹಳೆಯ ಲೆಕ್ಕಾಚಾರದಲ್ಲಿ ಪದೇ ಪದೇ ಮರೆತ ಕಾರ್ಡ್ ಆಮೇಲೆ ಎಷ್ಟು ಸರಿ ಹೇಳಿದರೂ ಬೇಗ ಬೇಗ ಬಂದು ಕಾಡುವ ತೊಡಕಿತ್ತು. 2023ರ ಅಕ್ಟೋಬರ್ ಆವೃತ್ತಿಯಲ್ಲಿ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರ ಸೇರಿತು. ಅದು ನಿಮ್ಮದೇ ಹಿಂದಿನ ಉತ್ತರಗಳನ್ನು ನೋಡಿ ನಿಮ್ಮ ಮರೆವಿನ ವೇಗವನ್ನು ಅಂದಾಜು ಮಾಡುತ್ತದೆ. ನೂರರಲ್ಲಿ ಎಷ್ಟು ನೆನಪಿರಬೇಕು ಎಂದು ನಾವು ಹೇಳಿದರೆ ಅದಕ್ಕೆ ತಕ್ಕಂತೆ ಅಂತರ ಇಡುತ್ತದೆ. ಮೊದಲೇ ಇರುವ ಅಂಕ 90. ನಾನು 88ಕ್ಕೆ ಇಳಿಸಿದ್ದೇನೆ, ನನ್ನ ದಿನದ ಕೆಲಸ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. 97ಕ್ಕೆ ಏರಿಸುವ ಆಸೆ ಬೇಡ, ಆ ಕೊನೆಯ ಕೆಲವು ಅಂಕಗಳಿಗೆ ತೆರುವ ಹೊತ್ತು ವಿಪರೀತ.

ದೊಡ್ಡ ಕೊರತೆ ಎಂದರೆ ಬಾಕಿ. ಊರಿನ ಮದುವೆಗೆಂದು ಹತ್ತು ದಿನ ಬಿಟ್ಟರೆ ಐನೂರು ಆರುನೂರು ಕಾರ್ಡ್‌ಗಳು ಸಾಲದಂತೆ ಬೆಳೆದು ನಿಂತಿರುತ್ತವೆ. ಎರಡು ಸಲ ಈ ರಾಶಿಯನ್ನು ನೋಡಿಯೇ ಬಿಟ್ಟುಬಿಡಬೇಕು ಎನ್ನಿಸಿತ್ತು. ದಿನಕ್ಕೆ ಎಂಬತ್ತು ಎಂದು ಮಿತಿ ಹಾಕಿ, ಹೊಸ ಕಾರ್ಡ್‌ಗಳನ್ನು ಪೂರ್ತಿ ನಿಲ್ಲಿಸಿ, ತಾಳ್ಮೆಯಿಂದ ತೀರಿಸಿದೆ. ನೋಟವೂ ಹಳೆಯ ಕಾಲದ್ದು, ಸೆಟ್ಟಿಂಗ್‌ಗಳ ಪುಟ ಮೊದಲ ದಿನವೇ ಹೆದರಿಸುತ್ತದೆ. ಅವುಗಳಲ್ಲಿ ಹೆಚ್ಚಿನವನ್ನು ನಾನು ಇಂದಿಗೂ ಮುಟ್ಟಿಲ್ಲ.

ಹೀಗಿದ್ದೂ ನಾನು ಉಳಿದುಕೊಂಡದ್ದಕ್ಕೆ ಕಾರಣ ಅದರ ಕೊನೆಯ ಪುಟ. ಅಂದಿನ ಕಾರ್ಡ್‌ಗಳು ಮುಗಿದ ಕೂಡಲೇ ‘ಅಭಿನಂದನೆ, ಸದ್ಯಕ್ಕೆ ಮುಗಿಯಿತು’ ಎಂಬರ್ಥದ ಒಂದು ಸಾಲು ಬರುತ್ತದೆ, ಅಷ್ಟೆ. ಬಹುಮಾನವಿಲ್ಲ, ಮುಂದಿನ ವಿಡಿಯೊ ಇಲ್ಲ, ನೆರೆಯವನ ಅಂಕಪಟ್ಟಿ ಇಲ್ಲ. ಊಟ ಬಡಿಸಿ, ಎಲೆ ಎತ್ತಿ, ಬಾಗಿಲವರೆಗೆ ಬಂದು ಕಳಿಸಿಕೊಡುವ ಮನೆಯಂತೆ. ನಾನು ಉದ್ಯೋಗದಲ್ಲಿ ಬರೆದ ತಂತ್ರಾಂಶಗಳು ಇದಕ್ಕೆ ತದ್ವಿರುದ್ಧ. ಮಗು ಎಷ್ಟು ನಿಮಿಷ ಕುಳಿತಿತ್ತು ಎಂಬುದೇ ನಮ್ಮ ವರದಿಯ ಮೊದಲ ಸಾಲು. ಆ ನಿಮಿಷಗಳನ್ನು ಹೆಚ್ಚಿಸಲು ನಕ್ಷತ್ರ, ಪದಕ, ಕೆಂಪು ಚುಕ್ಕೆಗಳನ್ನು ನನ್ನ ಕೈಯಾರೆ ಬರೆದಿದ್ದೇನೆ. ನನ್ನ ಮಗಳಿಗೆ ಬೇಡವೆಂದು ನಾನು ತಡೆಯುವುದನ್ನೇ ಬೇರೆಯವರ ಮಕ್ಕಳಿಗೆ ಕಟ್ಟಿಕೊಡುತ್ತಿದ್ದೆ. ಕಳೆದ ವರ್ಷ ಐದನೇ ತರಗತಿಯ ಗಣಿತದ ಭಾಗಕ್ಕೆ ಮಾತ್ರ ಹಟ ಹಿಡಿದು ಬೇರೆ ಕೊನೆ ಬರೆದೆ: ‘ಇಂದಿನ ಪಾಠ ಮುಗಿಯಿತು, ಹೋಗಿ ಬಾ.’ ಅದರ ಕೆಳಗೆ ಮುಚ್ಚುವ ಗುಂಡಿ ಒಂದೇ. ಕಚೇರಿಯಲ್ಲಿ ಇದರ ಬಗ್ಗೆ ಬಿಸಿ ಚರ್ಚೆ ಇನ್ನೂ ನಡೆಯುತ್ತಿದೆ, ಆ ಪುಟ ಸದ್ಯಕ್ಕೆ ಹಾಗೆಯೇ ಇದೆ. ಉಳಿದ ತರಗತಿಗಳಿಗೂ ಅದನ್ನು ತರುವವರೆಗೆ ನಾನು ಬಿಡುವವನಲ್ಲ.

ಇನ್ನು ಕೊಳ್ಳುವ ವಿಷಯ. ಕಂಪ್ಯೂಟರಿಗೆ ಆಂಕಿ ಉಚಿತ, ಮೂಲಸಂಕೇತವೂ ಮುಕ್ತ. ಆಂಡ್ರಾಯ್ಡ್‌ಗೆ ಸ್ವಯಂಸೇವಕರು ನಡೆಸುವ ಆಂಕಿಡ್ರಾಯ್ಡ್ ಕೂಡ ಉಚಿತ. ಐಫೋನ್ ಆವೃತ್ತಿಗೆ ಮಾತ್ರ ದೊಡ್ಡ ಮೊತ್ತವನ್ನೇ ಒಂದು ಸಲ ಕೊಡಬೇಕು. ಮೂಲ ತಂತ್ರಾಂಶದ ಅಭಿವೃದ್ಧಿಗೆ ಆಧಾರವಾಗಿರುವುದು ಆ ಹಣವೇ. ಹೆಸರು ಹೋಲುವ ಬೇರೆ ಆ್ಯಪ್‌ಗಳೂ ಇವೆ, ನೋಡಿ ಇಳಿಸಿಕೊಳ್ಳಿ. ಎರಡು ಸಾಧನಗಳಲ್ಲಿ ಬಳಸುವವರಿಗೆ ಕೆಲವೊಮ್ಮೆ ‘ಇಲ್ಲಿಂದ ಅಲ್ಲಿಗೆ ಕಳಿಸಲೇ, ಅಲ್ಲಿಂದ ಇಲ್ಲಿಗೆ ತರಲೇ’ ಎಂಬ ಪ್ರಶ್ನೆ ಬರುತ್ತದೆ. ಅವಸರದಲ್ಲಿ ತಪ್ಪು ದಿಕ್ಕು ಒತ್ತಿ ಮೂರು ವಾರಗಳ ಕಾರ್ಡ್‌ಗಳನ್ನು ನಾನು ಕಳೆದುಕೊಂಡಿದ್ದೇನೆ. ತಿಂಗಳಿಗೊಮ್ಮೆ ಪೂರ್ತಿ ಸಂಗ್ರಹವನ್ನು ಕಡತವಾಗಿ ಬೇರೆ ಕಡೆ ಉಳಿಸಿಕೊಳ್ಳಿ.

ಮೊದಲ ತಿಂಗಳು ದಿನಕ್ಕೆ ಐದು ಹೊಸ ಕಾರ್ಡ್ ಸಾಕು. ಆಂಕಿಯಲ್ಲಿ ಮೊದಲೇ ಇಟ್ಟಿರುವ ಇಪ್ಪತ್ತರ ಮಿತಿ ಬೇಡ. ಯಾವುದರಿಂದ ಆರಂಭಿಸಲಿ ಎನ್ನುವವರು ಮನೆಯವರ ಫೋನ್ ಸಂಖ್ಯೆಯಿಂದ ಆರಂಭಿಸಿ.