ಎಐ ಏಜೆಂಟ್‌ಗೆ ಟೂಲ್ ಡಿಸ್ಕ್ರಿಪ್ಶನ್: ಒಂದು ಸಾಲು ಸಾಕಾ, ಪುಟಗಟ್ಟಲೆ ಬೇಕಾ?

ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ಒಂದು ದಲ್ಲಾಳಿ ಅಂಗಡಿಗೆ ವಾಟ್ಸಾಪ್ ಮೇಲೆ ರೈತರಿಗೆ ಉತ್ತರ ಕೊಡೋ ಎಐ ಏಜೆಂಟ್ ಮಾಡ್ತಿದೀನಿ, ಮೆಕ್ಕೆಜೋಳದ ಸೀಸನ್ ಶುರುವಾಯ್ತು ಅಂದ್ರೆ ಅಲ್ಲಿ ಫೋನ್ ಕೆಳಗಿಡೋಕೆ ಪುರ್ಸೊತ್ತಿರಲ್ಲ. ಟೂಲ್ ಅಂದ್ರೆ ಏಜೆಂಟ್ ಬೇಕಾದಾಗ ಕರೆಯೋ ಸಣ್ಣ ಪ್ರೋಗ್ರಾಂ, ಇಲ್ಲಿ ಅವು ಕಮ್ಮಿನೇ: ಮಾರುಕಟ್ಟೆ ದರ ನೋಡೋದು, ಬೆಂಬಲ ಬೆಲೆ ಹೇಳೋದು, ಮಾಲಿಗೆ ಎಷ್ಟು ದುಡ್ಡು ಬರುತ್ತೆ ಅಂತ ಲೆಕ್ಕ ಹಾಕೋದು. ಏಜೆಂಟ್ ಒಳಗಿರೋ ಭಾಷಾ ಮಾಡೆಲ್ ಅದೇ, ಕೋಡ್ ಅದೇ, ಟೂಲ್ ಏನು ಮಾಡುತ್ತೆ ಅಂತ ಮಾಡೆಲ್‌ಗೆ ಹೇಳೋ ಡಿಸ್ಕ್ರಿಪ್ಶನ್ ಮಾತ್ರ ಬೇರೆ ಬೇರೆ ಥರ ಬರೆದು ನೋಡಿದೆ.

ಮಾಡೆಲ್‌ಗೆ ನಮ್ಮ ಕೋಡ್ ಕಾಣಲ್ಲ, ಇದನ್ನ ತಲೇಲಿಟ್ಕೊಂಡು ಮುಂದೆ ಓದಿ. ಅದಕ್ಕೆ ಸಿಗೋದು ಟೂಲ್ ಹೆಸರು, ಡಿಸ್ಕ್ರಿಪ್ಶನ್, ಪ್ಯಾರಾಮೀಟರ್‌ಗಳ (ಟೂಲ್‌ಗೆ ತುಂಬಿ ಕೊಡಬೇಕಾದ ಮಾಹಿತಿಗಳ) ಜೇಸನ್ ಸ್ಕೀಮಾ, ಅಂದ್ರೆ ಯಾವುದು ಯಾವ ರೂಪದಲ್ಲಿರಬೇಕು ಅನ್ನೋ ಪಟ್ಟಿ, ಇಷ್ಟೇ. 2023ರ ಜೂನ್‌ನಲ್ಲಿ ಚಾಟ್‌ಜಿಪಿಟಿಯ ಓಪನ್‌ಎಐ ಕಂಪನಿ ಫಂಕ್ಷನ್ ಕಾಲಿಂಗ್ (ಮಾಡೆಲ್ ಟೂಲ್ ಕರೆಯೋ ವ್ಯವಸ್ಥೆ) ತಂದಾಗಲೂ ಹಿಂಗೇ ಇತ್ತು, 2024ರ ನವೆಂಬರ್‌ನಲ್ಲಿ ಕ್ಲಾಡ್ ಮಾಡೆಲ್‌ನ ಆಂಥ್ರೊಪಿಕ್ ಕಂಪನಿ ಎಂಸಿಪಿ (ಮಾಡೆಲ್‌ಗೆ ಟೂಲ್ ಜೋಡಿಸೋ ಮುಕ್ತ ಮಾನದಂಡ) ಬಿಟ್ಟ ಮೇಲೂ ಹಿಂಗೇ ಇದೆ.

ಒಂದು ಸಾಲಿಂದು ಮೊದಲು. "ಮೆಕ್ಕೆಜೋಳದ ದರ ಕೊಡುತ್ತದೆ", ಪಕ್ಕದ ಟೂಲ್‌ಗೆ "ಬೆಂಬಲ ಬೆಲೆ ಕೊಡುತ್ತದೆ". "ಇವತ್ತು ಮಾರ್ಕೆಟ್ನಾಗೆ ಏನ್ ರೇಟ್ ಐತಣ್ಣ" ಅಂದ್ರೆ ಸರಿಯಾಗೇ ಹೋಗುತ್ತೆ. "ಸರ್ಕಾರದ ರೇಟ್ ಎಷ್ಟೈತಿ" ಅಂದ್ರೆ ಒಂದ್ಸಲ ಈ ಟೂಲು, ಒಂದ್ಸಲ ಆ ಟೂಲು. 2025-26ಕ್ಕೆ ಕೇಂದ್ರ ಹೇಳಿರೋ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ಅದು ವರ್ಷಕ್ಕೊಂದು ಅಂಕಿ, ಮಾರ್ಕೆಟ್ ದರ ದಿನಾ ಬದಲಾಗೋದು. ಒಂದರ ಜಾಗದಲ್ಲಿ ಇನ್ನೊಂದು ಬಂದ್ರೆ ಎರರ್ ಏನೂ ಬರಲ್ಲ, ಉತ್ತರ ನೋಡೋಕೆ ಸರಿಯಾಗೇ ಇರುತ್ತೆ, ರೈತ ಅದನ್ನೇ ನಂಬ್ಕೊಂಡು ಗಾಡಿ ಮಾಡ್ಕೊಂಡು ಮಾಲು ತಂದುಬಿಡ್ತಾನೆ. ನನಗೆ ಭಯ ಇರೋದು ಇದಕ್ಕೇ.

ಪುಟಗಟ್ಟಲೆ ಬರೆದಿದ್ದು ಟೂಲ್ ಆರಿಸೋದ್ರಲ್ಲಿ ಚೆನ್ನಾಗಿತ್ತು. ತೇವಾಂಶ 14% ಮೀರಬಾರದು, ದರ ಎಲ್ಲಿಂದ ಬರುತ್ತೆ, ಉದಾಹರಣೆ ಉತ್ತರ ಹೆಂಗಿರುತ್ತೆ, ಎಲ್ಲಾ ಹಾಕಿತ್ತು. ಆದ್ರೆ ಡಿಸ್ಕ್ರಿಪ್ಶನ್ ಪ್ರತಿ ರಿಕ್ವೆಸ್ಟ್ ಜೊತೆಗೂ ಹೋಗೋದ್ರಿಂದ ರೈತ ಬರೀ "ನಮಸ್ಕಾರ" ಅಂದ್ರೂ ಅಷ್ಟೂ ಟೋಕನ್ (ಮಾಡೆಲ್ ಓದೋ ಪದದ ತುಣುಕು, ದುಡ್ಡು ಇದರ ಲೆಕ್ಕದಲ್ಲೇ) ಖರ್ಚು. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಉದಾಹರಣೆಗೆ ಅಂತ ಇಟ್ಟಿದ್ದ ದರವನ್ನೇ ಮಾಡೆಲ್ ಎತ್ಕೊಂಡು, ಟೂಲ್ ಕರೀದೇನೇ, ಇವತ್ತಿನ ದರ ಅಂತ ಹೇಳಿಬಿಡ್ತು. ದಯವಿಟ್ಟು ದರದ ಟೂಲ್ ಡಿಸ್ಕ್ರಿಪ್ಶನ್‌ನಲ್ಲಿ ನಿಜ ಅನ್ಸೋ ಅಂಕಿ ಇಡಬೇಡಿ.

ನನಗೆ ಒಪ್ಪಿಗೆ ಆಗಿದ್ದು ನಡುವಿಂದು, ಕನ್ನಡದಲ್ಲಿ ಹೇಳೋದಾದ್ರೆ ಹಿಂಗಿದೆ: "ದಾವಣಗೆರೆ ಎಪಿಎಂಸಿಯಲ್ಲಿ ಕೇಳಿದ ದಿನ ನಡೆದ ವಹಿವಾಟಿನ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ) ದರ ಕೊಡುತ್ತದೆ, ಕ್ವಿಂಟಲ್‌ಗೆ ರೂಪಾಯಿಯಲ್ಲಿ. ಇವತ್ತಿನ ಅಥವಾ ಹಿಂದಿನ ಮಾರುಕಟ್ಟೆ ದರ ಕೇಳಿದಾಗ ಬಳಸು. ಸರ್ಕಾರದ ರೇಟ್, ಬೆಂಬಲ ಬೆಲೆ ಅಂದರೆ ಇದು ಬೇಡ, ಅದಕ್ಕೆ ಬೇರೆ ಟೂಲ್ ಇದೆ. ಮುಂದೆ ಎಷ್ಟಾಗಬಹುದು ಅನ್ನೋದು ಇದರಲ್ಲಿಲ್ಲ." ಮೂರನೇ ವಾಕ್ಯ ತೆಗೆದು ನೋಡಿದ್ರೆ ಹಳೇ ಗೊಂದಲ ಮತ್ತೆ ಶುರು, ಹಾಕಿದ್ರೆ ನಿಂತುಹೋಗುತ್ತೆ. ಆಂಥ್ರೊಪಿಕ್‌ನವರ ಡಾಕ್ಯುಮೆಂಟೇಶನ್‌ನಲ್ಲೂ ಕನಿಷ್ಠ ಮೂರು ನಾಲ್ಕು ವಾಕ್ಯ ಬರೀರಿ ಅಂತಾನೇ ಇದೆ, ಆದ್ರೆ ಯಾವಾಗ ಬಳಸಬಾರದು ಅನ್ನೋ ವಾಕ್ಯ ಅದರಲ್ಲಿ ಇರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬರೆದಾದ್ಮೇಲೆ ಅಂಗಡಿ ಗುಮಾಸ್ತರಿಗೆ ಓದಿ ಹೇಳ್ತೀನಿ, ಈ ಪ್ರಶ್ನೆ ಬಂದ್ರೆ ಯಾವ ಟೂಲ್ ಅಂತ ಅವರಿಗೇ ಅನುಮಾನ ಬಂದ್ರೆ ಮಾಡೆಲ್‌ಗೂ ಬರುತ್ತೆ.

ಪ್ಯಾರಾಮೀಟರ್‌ನಲ್ಲೂ ಅಷ್ಟೇ ವ್ಯತ್ಯಾಸ. ಲೆಕ್ಕದ ಟೂಲ್‌ಗೆ ಬರೀ "ವೇಟ್" ಅಂತ ಇಟ್ರೆ, "ಎಪ್ಪತ್ತು ಚೀಲ ಐತಿ, ಎಷ್ಟಾಗ್ತತಿ" ಅಂದಾಗ ಸೀದಾ 70 ಅಂತ ಹಾಕುತ್ತೆ, ಟೂಲ್ ಅದನ್ನ 70 ಕ್ವಿಂಟಲ್ ಅಂತ ತಗೊಳುತ್ತೆ. ಹೆಸರನ್ನೇ "ವೇಟ್_ಕ್ವಿಂಟಲ್" ಮಾಡಿ, "ಚೀಲ ಅಂದರೆ ಒಂದು ಚೀಲ ಎಷ್ಟು ಕೆಜಿ ಅಂತ ಕೇಳು, ಊಹಿಸಬೇಡ" ಅಂತ ಸೇರಿಸಿದ್ರೆ ತಿರುಗಿ ಕೇಳುತ್ತೆ. ಚನ್ನಗಿರಿ ಕಡೆಯವರು ಅಡಿಕೆ ಕೇಳ್ತಾರೆ, ಅದಕ್ಕೆ ರಾಶಿ, ಬೆಟ್ಟೆ, ಗೊರಬಲು ಅಂತ ಎನಮ್ (ಇವುಗಳಲ್ಲೇ ಒಂದನ್ನ ಆರಿಸು ಅನ್ನೋ ಪಟ್ಟಿ) ಕೊಟ್ಟೆ, ವಿವರಣೆನೇ ಬೇಕಾಗ್ಲಿಲ್ಲ.

ಕನ್ನಡನಾ ಇಂಗ್ಲಿಷಾ? ಟೂಲ್ ಹೆಸರಿಗೆ ಇಂಗ್ಲಿಷ್ ಅಕ್ಷರನೇ ಬೇಕು. ಡಿಸ್ಕ್ರಿಪ್ಶನ್ ಕನ್ನಡದಲ್ಲೂ ನಡೆಯುತ್ತೆ ಆದ್ರೆ ಟೋಕನ್ ಜಾಸ್ತಿ, ಅದಕ್ಕೆ ಇಂಗ್ಲಿಷಲ್ಲಿ ಬರೆದು "ಸರ್ಕಾರದ ರೇಟ್", "ಚೀಲ" ಇಂಥ ರೈತರ ಮಾತನ್ನ ಮಾತ್ರ ಕನ್ನಡ ಅಕ್ಷರದಲ್ಲೇ ಇಟ್ಟಿದೀನಿ.

ಟೂಲ್ ವಾಪಸ್ ಕೊಡೋ ಮಾತನ್ನೂ ಇದೇ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ವಹಿವಾಟಿಲ್ಲದ ದಿನ ಖಾಲಿ ಉತ್ತರ ಕೊಟ್ರೆ ಮಾಡೆಲ್ ಅದೇ ಟೂಲ್‌ನ ಮತ್ತೆ ಮತ್ತೆ ಕರೀತಾ ಕೂರುತ್ತೆ, ಇಲ್ಲಾಂದ್ರೆ "ಮಾಹಿತಿ ಇಲ್ಲ" ಅಂದು ಮುಗಿಸುತ್ತೆ. "ಈ ದಿನ ವಹಿವಾಟಿಲ್ಲ, ಹಿಂದಿನ ವಹಿವಾಟಿನ ದಿನ ಹಾಕಿ ಕೇಳು, ಉತ್ತರದಲ್ಲಿ ಆ ದಿನಾಂಕ ಹೇಳು" ಅಂತ ವಾಪಸ್ ಕೊಟ್ರೆ, ಭಾನುವಾರ ಕೇಳಿದ್ರೂ ಶನಿವಾರದ ದರನ ಶನಿವಾರದ್ದು ಅಂತಾನೇ ಹೇಳುತ್ತೆ.